ಎಷ್ಟು ಕೊಟ್ಟರೆ ಸಾಕು? ಮಕ್ಕಳ ಬೆನ್ನುಹುರಿಯ ಸ್ಕ್ಯಾನಿಗೆ ಒಂದು ಲೆಕ್ಕ



ಹಳೆಯ ಕಾಲದ ಟಿ.ವಿ. ಪೆಟ್ಟಿಗೆಯನ್ನು ನೀವು ಅಜ್ಜನ ಮನೆಯಲ್ಲೋ ಯಾವುದಾದರೂ ರಿಪೇರಿ ಅಂಗಡಿಯಲ್ಲೋ ನೋಡಿರಬಹುದು. ಅದರಲ್ಲಿ ತಿರುಗಿಸುವ ಗುಂಡಿಗಳಿರುತ್ತಿದ್ದವು. ಒಂದು ಬೆಳಕಿನದು, ಮತ್ತೊಂದು ಕಾಂಟ್ರಾಸ್ಟಿನದು. ಕಾಂಟ್ರಾಸ್ಟ್ ಕಡಿಮೆಯಾದರೆ ವಾರ್ತೆ ಓದುವವರ ಮುಖವೂ ಹಿಂದಿನ ಪರದೆಯೂ ಒಂದೇ ಬೂದು ಬಣ್ಣವಾಗಿ ಬೆರೆತುಹೋಗುತ್ತಿದ್ದವು. ಹೆಚ್ಚಾದರೆ ಬರಿಯ ಕಪ್ಪು, ಬರಿಯ ಬಿಳುಪು ಉಳಿದು ಮುಖದ ಗೆರೆಗಳೆಲ್ಲ ಅಳಿಸಿಹೋಗುತ್ತಿದ್ದವು. ಇವೆರಡರ ನಡುವೆ ಎಲ್ಲೋ ಒಂದು ಕಡೆ ಗುಂಡಿಯನ್ನು ನಿಲ್ಲಿಸಬೇಕಾಗಿತ್ತು.

ಆಸ್ಪತ್ರೆಯ ಎಂ.ಆರ್.ಐ. ಕೋಣೆಯಲ್ಲಿಯೂ 'ಕಾಂಟ್ರಾಸ್ಟ್' ಎಂಬ ಮಾತು ಕೇಳಿಬರುತ್ತದೆ. ಆದರೆ ಅಲ್ಲಿ ಅದು ಗುಂಡಿಯಲ್ಲ. ರೋಗಿಯ ರಕ್ತನಾಳಕ್ಕೆ ಸೂಜಿಯ ಮೂಲಕ ಕೊಡುವ ಒಂದು ಲೋಹದ ಸಂಯುಕ್ತ. ಟಿ.ವಿ.ಯ ಗುಂಡಿಯನ್ನು ಹೆಚ್ಚು ತಿರುಗಿಸಿದರೆ ಮತ್ತೆ ಹಿಂದಕ್ಕೆ ತಿರುಗಿಸಬಹುದು. ಮೈಯೊಳಗೆ ಹೋದ ಔಷಧವನ್ನು ಹಿಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲ. ರೋಗಿ ಮಗುವಾಗಿದ್ದರೆ 'ಎಷ್ಟು ಕೊಡಬೇಕು?' ಎಂಬ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ನೀವು ತರಗತಿಯಲ್ಲಿ ಕಲಿತ ಮೋಲ್ ಲೆಕ್ಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದನ್ನೂ ಗಮನಿಸಿ.

ಒಬ್ಬ ಹುಡುಗನ ಕಥೆ

ಆರು ವರ್ಷದ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಒಂದು ತಿಂಗಳಿಂದ ಬೆನ್ನು ನೋವು, ಸಂಜೆಯ ಹೊತ್ತಿಗೆ ಸಣ್ಣ ಜ್ವರ. ಮೊದಲು ಆಟದಲ್ಲಿ ಬಿದ್ದಿರಬಹುದು ಎಂದುಕೊಂಡರು. ಈಗ ನಡೆಯುವಾಗ ಕಾಲು ಎಡವುತ್ತಿದೆ. ವೈದ್ಯರು ಬೆನ್ನುಮೂಳೆಯ ಎಂ.ಆರ್.ಐ. ಮಾಡಿಸಲು ಹೇಳಿದ್ದಾರೆ. ಚೀಟಿಯಲ್ಲಿ 'ಕಾಂಟ್ರಾಸ್ಟ್ ಸಹಿತ' ಎಂದು ಬರೆದಿದ್ದಾರೆ.

ಸ್ಕ್ಯಾನ್ ಕೋಣೆಯ ಹೊರಗೆ ತಂತ್ರಜ್ಞರು ಕೇಳುತ್ತಾರೆ: "ಮಗೂದು ತೂಕ ಎಷ್ಟಮ್ಮಾ?"

"ಹೋದ ವರ್ಷ ಸ್ಕೂಲಲ್ಲಿ ತೂಗಿದ್ರು ಸಾರ್, ಹದಿನೈದು ಕೆ.ಜಿ. ಇತ್ತು."

"ಹೋದ ವರ್ಷದ್ದು ಬೇಡಮ್ಮ. ಇಲ್ಲಿ ತಕ್ಕಡಿ ಇದೆ, ನಿಲ್ಲಿಸಿ."

ಮುಳ್ಳು 18 ಕೆ.ಜಿ. ತೋರಿಸುತ್ತದೆ. ಇದನ್ನು ನೋಡಿ ತಾಯಿಗೆ ಅಚ್ಚರಿ. ಚಿತ್ರ ತೆಗೆಯುವುದಕ್ಕೂ ತೂಕಕ್ಕೂ ಏನು ಸಂಬಂಧ? ಅದಕ್ಕೆ ಉತ್ತರ ಬೇಕಾದರೆ ಮೊದಲು ಆ ಯಂತ್ರ ಏನು ಮಾಡುತ್ತದೆ ಎಂದು ತಿಳಿಯಬೇಕು.

ಕಾಂತದೊಳಗೆ ನೀರು

ನಮ್ಮ ದೇಹದ ಹೆಚ್ಚಿನ ಭಾಗ ನೀರು. ನೀರಿನ ಪ್ರತಿ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳು. ಜಲಜನಕದ ನಾಭಿಯೆಂದರೆ ಒಂದು ಪ್ರೋಟಾನ್. ಈ ಪ್ರೋಟಾನ್ ಪುಟ್ಟ ಕಾಂತದಂತೆ ವರ್ತಿಸುತ್ತದೆ. ಎಂ.ಆರ್.ಐ. ಯಂತ್ರದ ದೊಡ್ಡ ಕಾಂತದೊಳಗೆ ಮಲಗಿದಾಗ ಈ ಪುಟ್ಟ ಕಾಂತಗಳಲ್ಲಿ ಅಲ್ಪ ಪಾಲು ಒಂದೇ ದಿಕ್ಕಿಗೆ ವಾಲುತ್ತವೆ. ಸಾಮಾನ್ಯವಾಗಿ ಬಳಸುವ ಯಂತ್ರದ ಕಾಂತಕ್ಷೇತ್ರ 1.5 ಟೆಸ್ಲಾ. ಅದು ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿನಷ್ಟಾಗುತ್ತದೆ.

ಅನಂತರ ಯಂತ್ರವು ರೇಡಿಯೋ ಅಲೆಯನ್ನು ಹಾಯಿಸುತ್ತದೆ. 1.5 ಟೆಸ್ಲಾದಲ್ಲಿ ಇದರ ಆವರ್ತಾಂಕ ಸುಮಾರು 64 ಮೆಗಾಹರ್ಟ್ಸ್. ಹಿಂದೆ ಟಿ.ವಿ. ಪ್ರಸಾರಕ್ಕೆ ಬಳಸುತ್ತಿದ್ದ ವಿ.ಎಚ್.ಎಫ್. ಅಲೆಗಳ ಸಾಲಿನಲ್ಲಿಯೇ ಇದೂ ಬರುತ್ತದೆ. ಅಲೆಯ ಪೆಟ್ಟಿಗೆ ಪ್ರೋಟಾನುಗಳು ತಮ್ಮ ದಿಕ್ಕಿನಿಂದ ಓರೆಯಾಗುತ್ತವೆ. ಅಲೆ ನಿಂತೊಡನೆ ಹಳೆಯ ಸ್ಥಿತಿಗೆ ಮರಳತೊಡಗುತ್ತವೆ. ಮರಳುವಾಗ ಅವು ಹೊಮ್ಮಿಸುವ ಕ್ಷೀಣ ಸಂಕೇತವನ್ನು ಹಿಡಿದು ಗಣಕಯಂತ್ರ ಚಿತ್ರ ಬರೆಯುತ್ತದೆ. ಇಲ್ಲಿ ಎಕ್ಸ್-ರೇ ಇಲ್ಲ ಎಂಬುದನ್ನು ನೆನಪಿಡಿ. ಈ ವಿದ್ಯಮಾನವನ್ನು 1946ರಲ್ಲಿ ಫೆಲಿಕ್ಸ್ ಬ್ಲಾಖ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಅದರಿಂದ ಚಿತ್ರ ತೆಗೆಯುವ ದಾರಿಯನ್ನು 1973ರಲ್ಲಿ ಪಾಲ್ ಲಾಟರ್ಬರ್ ಪ್ರಕಟಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿತು.

ಕೊಬ್ಬು, ಸ್ನಾಯು, ಬೆನ್ನುಹುರಿ, ಅದರ ಸುತ್ತಲಿನ ದ್ರವ ಇವುಗಳಲ್ಲಿ ಪ್ರೋಟಾನುಗಳು ಮರಳುವ ವೇಗ ಬೇರೆಬೇರೆ. ಆದ್ದರಿಂದ ಚಿತ್ರದಲ್ಲಿ ಒಂದು ಬೆಳ್ಳಗೆ, ಒಂದು ಬೂದು, ಒಂದು ಕಪ್ಪು. ಆದರೆ ಒಂದು ತೊಡಕಿದೆ. ರೋಗ ತಗುಲಿದ ಭಾಗವೂ ಪಕ್ಕದ ಆರೋಗ್ಯವಂತ ಭಾಗವೂ ಒಂದೇ ಬೂದು ಬಣ್ಣದಲ್ಲಿ ಕಾಣಬಹುದು. ಮಗುವಿನ ಬೆನ್ನುಹುರಿಯಾದರೋ ಸಣ್ಣದು. ಉಸಿರಾಟ, ಎದೆಬಡಿತ, ಹುರಿಯ ಸುತ್ತಲಿನ ದ್ರವದ ಮಿಡಿತ ಎಲ್ಲವೂ ಚಿತ್ರವನ್ನು ಅಲುಗಿಸುತ್ತವೆ. ಜೋಳದ ಕಾಳಿನಷ್ಟು ಗಂಟೊಂದು ಅಲ್ಲಿ ಅಡಗಿದ್ದರೆ ಕಣ್ಣಿಗೆ ಬೀಳದೆ ಹೋಗಬಹುದು.

ಏಳು ಒಂಟಿ ಎಲೆಕ್ಟ್ರಾನುಗಳು

ಇಲ್ಲಿಯೇ ಗ್ಯಾಡೊಲಿನಿಯಮ್ ನೆರವಿಗೆ ಬರುವುದು. ಇದು 64ನೆಯ ಧಾತು. 1880ರಲ್ಲಿ ಸ್ವಿಟ್ಸರ್ಲೆಂಡಿನ ರಸಾಯನವಿಜ್ಞಾನಿ ಮಾರಿನ್ಯಾಕ್ ಇದರ ಇರವನ್ನು ಕಂಡುಕೊಂಡರು. ಫಿನ್ಲೆಂಡಿನ ಯೋಹಾನ್ ಗ್ಯಾಡೊಲಿನ್ ಅವರ ನೆನಪು ಇದರ ಹೆಸರಿನಲ್ಲಿದೆ. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಗ್ಯಾಡೊಲಿನಿಯಮ್ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿರುತ್ತವೆ. ಹೀಗಾಗಿ ಅದು ಪ್ರಬಲ ಕಾಂತದಂತೆ ವರ್ತಿಸಿ, ಹತ್ತಿರ ಬಂದ ನೀರಿನ ಪ್ರೋಟಾನುಗಳು ಬೇಗನೆ ಹಳೆಯ ಸ್ಥಿತಿಗೆ ಮರಳುವಂತೆ ಮಾಡುತ್ತದೆ. ಬೇಗ ಮರಳಿದ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ನಮಗೆ ಕಾಣುವುದು ಗ್ಯಾಡೊಲಿನಿಯಮ್ ಅಲ್ಲ. ಅದರ ನೆರೆಯಲ್ಲಿರುವ ನೀರು.

ಆರೋಗ್ಯವಂತ ಬೆನ್ನುಹುರಿಯೊಳಗೆ ಈ ಔಷಧ ನುಗ್ಗುವುದಿಲ್ಲ. ಅಲ್ಲಿನ ಲೋಮನಾಳಗಳ ಗೋಡೆ ಅಷ್ಟು ಬಿಗಿ. ಸೋಂಕು, ಉರಿಯೂತ, ಗೆಡ್ಡೆ ಇದ್ದಲ್ಲಿ ಆ ಗೋಡೆ ಸಡಿಲವಾಗುತ್ತದೆ. ಔಷಧ ಸೋರಿ ಅಲ್ಲಿ ಸೇರುತ್ತದೆ. ಆ ಜಾಗ ಬೆಳಗುತ್ತದೆ. ಆದ್ದರಿಂದ ಔಷಧ ಕೊಡುವ ಮೊದಲು ಒಂದು ಸಾಲು ಚಿತ್ರ, ಕೊಟ್ಟ ಮೇಲೆ ಮತ್ತೊಂದು ಸಾಲು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ.

ವಿಷವನ್ನು ಹಿಡಿದಿಡುವ ಏಡಿ

ಹಾಗಾದರೆ ಗ್ಯಾಡೊಲಿನಿಯಮ್ ಲವಣವನ್ನೇ ನೇರವಾಗಿ ಕೊಟ್ಟರಾಗದೇ? ಆಗದು. ಬಿಡಿಯಾದ ಗ್ಯಾಡೊಲಿನಿಯಮ್ ಅಯಾನು ವಿಷ. ಅದರ ಗಾತ್ರ ಕ್ಯಾಲ್ಸಿಯಂ ಅಯಾನಿನ ಗಾತ್ರಕ್ಕೆ ಬಹಳ ಹತ್ತಿರ. ನರ, ಸ್ನಾಯುಗಳ ಕೆಲಸಕ್ಕೆ ಕ್ಯಾಲ್ಸಿಯಂ ಹಾದುಹೋಗಬೇಕಾದ ದಾರಿಗಳನ್ನು ಅದು ಅಡ್ಡಗಟ್ಟಬಲ್ಲದು. ಆದ್ದರಿಂದ ಅದನ್ನು ದೊಡ್ಡ ಸಾವಯವ ಅಣುವಿನೊಳಗೆ ಕಟ್ಟಿಹಾಕುತ್ತಾರೆ. ಇಂಥ ಕಟ್ಟಿಗೆ 'ಕೀಲೇಟ್' ಎನ್ನುತ್ತಾರೆ. ಏಡಿಯ ಕೊಂಡಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಇಂಥ ಮೊದಲ ಔಷಧಕ್ಕೆ 1988ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಈ ಕೊಂಡಿಗಳಲ್ಲಿ ಎರಡು ಬಗೆ. ಒಂದು, ಉದ್ದನೆಯ ಸರಪಳಿ ಲೋಹವನ್ನು ಸುತ್ತಿಕೊಂಡಂಥದು. ಇನ್ನೊಂದು, ಮುಚ್ಚಿದ ಉಂಗುರದ ನಡುವೆ ಲೋಹವನ್ನು ಕೂರಿಸಿದಂಥದು. ಸರಪಳಿ ಬಿಚ್ಚಿಕೊಳ್ಳುವುದು ಸುಲಭ. ಉಂಗುರ ಅಷ್ಟು ಸುಲಭವಾಗಿ ಬಿಡದು. ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ತಿಳಿಯಲು ಬಹಳ ವರ್ಷಗಳೇ ಬೇಕಾದವು.

ಈಗ ಮೋಲ್ ಲೆಕ್ಕ

ಬಹುಪಾಲು ಗ್ಯಾಡೊಲಿನಿಯಮ್ ಔಷಧಗಳ ರೂಢಿಯ ಪ್ರಮಾಣ, ದೇಹದ ತೂಕದ ಪ್ರತಿ ಕೆ.ಜಿ.ಗೆ 0.1 ಮಿಲಿಮೋಲ್. ಔಷಧ ರಕ್ತದಲ್ಲಿಯೂ ಜೀವಕೋಶಗಳ ಹೊರಗಿನ ದ್ರವದಲ್ಲಿಯೂ ಹರಡಿಕೊಳ್ಳುತ್ತದೆ. ದೇಹ ದೊಡ್ಡದಾದಷ್ಟೂ ಈ ದ್ರವ ಹೆಚ್ಚು. ದೊಡ್ಡ ಪಾತ್ರೆಯ ಸಾರಿಗೆ ಹೆಚ್ಚು ಉಪ್ಪು, ಸಣ್ಣ ಪಾತ್ರೆಗೆ ಕಡಿಮೆ ಉಪ್ಪು ಎಂಬಷ್ಟೇ ಸರಳವಾದ ತತ್ವ ಇದು. ತೂಕ ಕೇಳುವುದು ಇದಕ್ಕಾಗಿಯೇ.

ನಮ್ಮ ಹುಡುಗನ ತೂಕ 18 ಕೆ.ಜಿ. ಅವನಿಗೆ ಬೇಕಾದದ್ದು 18 × 0.1 = 1.8 ಮಿಲಿಮೋಲ್. ಗ್ಯಾಡೊಲಿನಿಯಮ್‌ನ ಪರಮಾಣು ತೂಕ ಸುಮಾರು 157. ಅಂದರೆ 283 ಮಿಲಿಗ್ರಾಂನಷ್ಟು ಲೋಹ.

ಆದರೆ ಸಿರಿಂಜಿನ ಮೇಲೆ ಮಿಲಿಮೋಲ್ ಗೆರೆಗಳಿಲ್ಲ, ಮಿಲಿಲೀಟರ್ ಗೆರೆಗಳಿವೆ. ಎಚ್ಚರ ಬೇಕಾದದ್ದು ಈ ಹೆಜ್ಜೆಯಲ್ಲಿ. ಹೆಚ್ಚಿನ ಔಷಧಗಳ ಸೀಸೆಯಲ್ಲಿ ಪ್ರತಿ ಮಿ.ಲೀ.ಗೆ 0.5 ಮಿಲಿಮೋಲ್ ಇರುತ್ತದೆ. ಅದರಿಂದ ತೆಗೆದರೆ ಹುಡುಗನಿಗೆ 3.6 ಮಿ.ಲೀ. ಗ್ಯಾಡೊಬ್ಯುಟ್ರಾಲ್ ಎಂಬ ಔಷಧ ಇದರ ಎರಡು ಪಟ್ಟು ಗಾಢ, ಪ್ರತಿ ಮಿ.ಲೀ.ಗೆ 1 ಮಿಲಿಮೋಲ್. ಅದರಿಂದ ತೆಗೆದರೆ 1.8 ಮಿ.ಲೀ. ಮಾತ್ರ. ಗ್ಯಾಡೊಪಿಕ್ಲೆನಾಲ್ ಎಂಬ ಮೂರನೆಯದೊಂದಿದೆ. ಇದಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆಗ ಆ ಅನುಮತಿ ವಯಸ್ಕರಿಗೂ ಎರಡು ವರ್ಷ ತುಂಬಿದ ಮಕ್ಕಳಿಗೂ ಅನ್ವಯಿಸುತ್ತಿತ್ತು. ಇದು ನೀರಿನ ಪ್ರೋಟಾನುಗಳ ಮೇಲೆ ಹೆಚ್ಚು ಪ್ರಭಾವ ಬೀರುವುದರಿಂದ ಪ್ರತಿ ಕೆ.ಜಿ.ಗೆ 0.05 ಮಿಲಿಮೋಲ್ ಸಾಕು. ಸೀಸೆಯಲ್ಲಿ ಪ್ರತಿ ಮಿ.ಲೀ.ಗೆ 0.5 ಮಿಲಿಮೋಲ್. ಲೆಕ್ಕ ಮಾಡಿದರೆ ಇದೂ 1.8 ಮಿ.ಲೀ. ಆಗುತ್ತದೆ. ಆದರೆ ಅದರಲ್ಲಿರುವ ಲೋಹ 0.9 ಮಿಲಿಮೋಲ್ ಮಾತ್ರ.

ನೋಡಿದಿರಾ? ಎರಡು ಸಿರಿಂಜುಗಳಲ್ಲಿ ಒಂದೇ 1.8 ಮಿ.ಲೀ. ಇದ್ದರೂ ಒಂದರಲ್ಲಿ ಇನ್ನೊಂದರ ಎರಡರಷ್ಟು ಲೋಹವಿದೆ. ಇನ್ನೊಂದು ರೀತಿಯಲ್ಲಿ ಯೋಚಿಸಿ. '3.6 ಮಿ.ಲೀ.' ಎಂಬ ಅಂಕೆಯನ್ನಷ್ಟೇ ನೆನಪಿಟ್ಟುಕೊಂಡು ಗಾಢವಾದ ಸೀಸೆಯಿಂದ ತೆಗೆದರೆ ಮಗುವಿಗೆ ಎರಡು ಪಟ್ಟು ಔಷಧ ಹೋಗುತ್ತದೆ. ಆದ್ದರಿಂದ ಔಷಧದ ಹೆಸರಿಲ್ಲದ ಮಿ.ಲೀ. ಅರ್ಧ ಮಾತು.

ಹಳೆಯ ತೂಕವಾದ 15 ಕೆ.ಜಿ.ಯನ್ನೇ ನಂಬಿದ್ದರೆ? ಆಗ 3.6 ಮಿ.ಲೀ. ಬದಲು 3 ಮಿ.ಲೀ.; ಆರರಲ್ಲೊಂದು ಪಾಲು ಖೋತಾ. ದೊಡ್ಡವರಲ್ಲಿ ಮೂರು ಕೆ.ಜಿ. ಆಚೀಚೆಯಾದರೆ ಅಷ್ಟಾಗಿ ಬಾಧಕವಿಲ್ಲ. ಹಸುಳೆಯಲ್ಲಿ ಹಾಗಲ್ಲ. 4 ಕೆ.ಜಿ. ತೂಗುವ ಕೂಸಿಗೆ ಗಾಢ ಔಷಧ 0.4 ಮಿ.ಲೀ. ಅಲ್ಲಿ ಸಿರಿಂಜಿನ ಒಂದು ಪುಟ್ಟ ಗೆರೆ, 0.1 ಮಿ.ಲೀ., ತಪ್ಪಿದರೂ ಕಾಲು ಭಾಗದ ತಪ್ಪಾಗುತ್ತದೆ. ಅಷ್ಟು ಅಲ್ಪ ಔಷಧ ಸೂಜಿಗೆ ಜೋಡಿಸಿದ ಕೊಳವೆಯಲ್ಲಿಯೇ ಉಳಿದುಬಿಡಬಹುದು. ಅದಕ್ಕಾಗಿ ಹಿಂದೆಯೇ ಉಪ್ಪುನೀರಿನ ದ್ರಾವಣ, ಅಂದರೆ ಸಲೈನ್, ಹಾಯಿಸಿ ಔಷಧವೆಲ್ಲ ರಕ್ತಕ್ಕೆ ಸೇರುವಂತೆ ಮಾಡುತ್ತಾರೆ.

ಹೆಚ್ಚು ಕೊಟ್ಟರೆ ಹೆಚ್ಚು ಬೆಳಗುವುದೇ?

ನಿಮ್ಮಲ್ಲಿ ಕೆಲವರು ಹೀಗೆ ಕೇಳಬಹುದು: ಸ್ವಲ್ಪ ಹೆಚ್ಚೇ ಕೊಟ್ಟರೆ ಗಂಟು ಇನ್ನೂ ಚೆನ್ನಾಗಿ ಕಾಣುವುದಲ್ಲವೇ? ಒಂದು ಮಿತಿಯವರೆಗೆ ಇದು ನಿಜ. ವಯಸ್ಕರ ಮಿದುಳಿನ ಸಣ್ಣ ಗಂಟುಗಳನ್ನು ಹುಡುಕಲು ಮೂರು ಪಟ್ಟು ಕೊಟ್ಟು ನೋಡಿದ್ದೂ ಉಂಟು. ಆದರೆ ಗ್ಯಾಡೊಲಿನಿಯಮ್ ತೀರಾ ದಟ್ಟವಾದರೆ ಸಂಕೇತ ಹೆಚ್ಚುವ ಬದಲು ಕುಗ್ಗುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಮೂತ್ರಕೋಶದಲ್ಲಿಯೇ ಇದೆ. ಔಷಧ ಮೂತ್ರದಲ್ಲಿ ಹೊರಬೀಳುವಾಗ ಅಲ್ಲಿ ಸಾಂದ್ರವಾಗುತ್ತದೆ. ಮಲಗಿರುವ ರೋಗಿಯ ಮೂತ್ರಕೋಶದ ತಳದಲ್ಲಿ, ಔಷಧ ಅತಿ ಹೆಚ್ಚು ಇರುವ ಪದರ, ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಅದರ ಮೇಲಿನ ತೆಳು ಪದರವೇ ಬೆಳ್ಳಗೆ. ಟಿ.ವಿ.ಯ ಕಾಂಟ್ರಾಸ್ಟ್ ಗುಂಡಿ ನೆನಪಾಯಿತೇ?

ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. ಮೂತ್ರಪಿಂಡ ಚೆನ್ನಾಗಿದ್ದವರಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯುತ್ತದೆ. ಒಂದು ದಿನದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಹೊರಹೋಗುತ್ತದೆ. ಮೂತ್ರಪಿಂಡ ಸೋತಿದ್ದರೆ ಔಷಧ ಒಳಗೇ ಸುತ್ತುತ್ತಿರುತ್ತದೆ. ಕೊಂಡಿ ಬಿಚ್ಚಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಇಂಥ ರೋಗಿಗಳಲ್ಲಿ ಚರ್ಮ ಗಟ್ಟಿಯಾಗಿ, ಕೀಲುಗಳು ಮಡಚದಂತಾಗುವ ಒಂದು ಕಾಯಿಲೆಗೂ ಈ ಔಷಧಗಳಿಗೂ ನಂಟಿದೆಯೆಂದು 2006ರಲ್ಲಿ ಬೆಳಕಿಗೆ ಬಂದಿತು. 2014ರಲ್ಲಿ ಜಪಾನಿನ ವೈದ್ಯರು ಮತ್ತೊಂದು ಸಂಗತಿ ತಿಳಿಸಿದರು. ಹಲವು ಬಾರಿ ಔಷಧ ಪಡೆದವರ ಮಿದುಳಿನ ಕೆಲವು ಭಾಗಗಳು, ಔಷಧ ಕೊಡುವ ಮುನ್ನವೇ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಅಂದರೆ ಲೋಹದ ಅಲ್ಪಾಂಶ ಅಲ್ಲಿ ಉಳಿದುಕೊಂಡಿತ್ತು. ಉಂಗುರ ಬಗೆಗಿಂತ ಸರಪಳಿ ಬಗೆಯಲ್ಲಿ ಈ ಉಳಿಕೆ ಹೆಚ್ಚು. 2017ರಲ್ಲಿ ಐರೋಪ್ಯ ಒಕ್ಕೂಟ ಸರಪಳಿ ಬಗೆಯ ಹಲವು ಔಷಧಗಳನ್ನು ತಡೆಹಿಡಿಯಿತು. ಅದೇ ವರ್ಷ ಅಮೆರಿಕವೂ ಎಚ್ಚರಿಕೆ ನೀಡಿತು. ವಿಶೇಷ ವಿವೇಚನೆ ಬೇಕಾದವರ ಪಟ್ಟಿಯಲ್ಲಿ ಮಕ್ಕಳನ್ನೂ ಸೇರಿಸಿತು.

ಹೆದರಬೇಕಾಗಿಲ್ಲ. ಮೂತ್ರಪಿಂಡ ಸರಿಯಿರುವವರಲ್ಲಿ ಮಿದುಳಿನ ಈ ಉಳಿಕೆಯಿಂದ ಹಾನಿಯಾಗಿದೆಯೆಂದು ಇದುವರೆಗೆ ಸಿದ್ಧವಾಗಿಲ್ಲ. ಆದರೆ ಮಗುವಿನ ಮುಂದೆ ಎಪ್ಪತ್ತೆಂಬತ್ತು ವರ್ಷಗಳ ಬದುಕಿದೆ. ಗೆಡ್ಡೆಯಂಥ ಕಾಯಿಲೆಯಲ್ಲಿ ಸ್ಕ್ಯಾನನ್ನು ಮತ್ತೆಮತ್ತೆ ಮಾಡಬೇಕಾಗುತ್ತದೆ. ಬೇಕಿಲ್ಲದ ಒಂದು ಮಿಲಿಮೋಲನ್ನೂ ಕೊಡಬಾರದೆಂಬ ನಿಯಮ ಹುಟ್ಟಿದ್ದು ಹೀಗೆ. ಮಕ್ಕಳಿಗೆ ಸಾಮಾನ್ಯವಾಗಿ ಉಂಗುರ ಬಗೆಯನ್ನು ಆರಿಸುವುದೂ ಇದಕ್ಕಾಗಿಯೇ.

ಮೂತ್ರಪಿಂಡದ ಬಗ್ಗೆ ಅನುಮಾನವಿದ್ದರೆ ರಕ್ತದಲ್ಲಿನ ಕ್ರಿಯಾಟಿನಿನ್ ಅಳೆಯುತ್ತಾರೆ. ಮಕ್ಕಳಿಗೆ 2009ರಲ್ಲಿ ಬಂದ ಸುಲಭ ಸೂತ್ರವೊಂದಿದೆ: ಸೆಂ.ಮೀ.ನಲ್ಲಿ ಎತ್ತರವನ್ನು 0.413ರಿಂದ ಗುಣಿಸಿ, ಕ್ರಿಯಾಟಿನಿನ್ ಪ್ರಮಾಣದಿಂದ ಭಾಗಿಸುವುದು. ನಮ್ಮ ಹುಡುಗನ ಎತ್ತರ 110 ಸೆಂ.ಮೀ., ಕ್ರಿಯಾಟಿನಿನ್ 0.4 ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 114. ಇದು ಒಳ್ಳೆಯ ಅಂಕೆ. 30ಕ್ಕಿಂತ ಕೆಳಗಿದ್ದರೆ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ. ಹುಟ್ಟಿದ ಕೂಸಿನ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಹಸುಳೆಗಳ ವಿಷಯದಲ್ಲಿ ಮೊದಲಿನಿಂದಲೂ ಎಚ್ಚರ.

ಮೊದಲ ಪ್ರಶ್ನೆ: ಬೇಕೇ, ಬೇಡವೇ?

ಅತಿ ಸುರಕ್ಷಿತ ಪ್ರಮಾಣವೆಂದರೆ ಸೊನ್ನೆ. ಎಷ್ಟೋ ಮಕ್ಕಳ ಬೆನ್ನಿನ ಸ್ಕ್ಯಾನಿಗೆ ಕಾಂಟ್ರಾಸ್ಟ್ ಬೇಕಾಗುವುದೇ ಇಲ್ಲ. ಬೆನ್ನು ಸೊಟ್ಟಗಿದೆ, ಹುಟ್ಟಿನಿಂದಲೇ ಬೆನ್ನುಹುರಿಯ ತುದಿ ಕೆಳಗೆ ಅಂಟಿಕೊಂಡಿದೆ, ಬಿದ್ದು ಪೆಟ್ಟಾಗಿದೆ ಎಂಬಲ್ಲಿ ನೋಡಬೇಕಾದದ್ದು ಆಕಾರ. ಅದಕ್ಕೆ ಸಾಮಾನ್ಯವಾಗಿ ಬರಿಯ ಚಿತ್ರವೇ ಸಾಕು. ಸೋಂಕು, ಗೆಡ್ಡೆ, ನರಬೇರುಗಳ ಉರಿಯೂತ ಎಂಬ ಅನುಮಾನವಿದ್ದಾಗ ಕಾಂಟ್ರಾಸ್ಟ್ ಬೇಕು.

ಬೇಕಾದಾಗ ಕೊಡದಿರುವುದೂ ತಪ್ಪೇ. ಮಕ್ಕಳ ಕಿರುಮಿದುಳಿನಲ್ಲಿ ಹುಟ್ಟುವ ಮೆಡುಲೊಬ್ಲಾಸ್ಟೋಮ ಎಂಬ ಗೆಡ್ಡೆಯನ್ನು ನೋಡಿ. ಅದರ ಕಣಗಳು ಮಿದುಳಿನ ದ್ರವದಲ್ಲಿ ತೇಲಿಬಂದು ಬೆನ್ನುಹುರಿಯ ಮೇಲೆ ಬೀಜದಂತೆ ಕೂರಬಲ್ಲವು. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ಅವು ತಪ್ಪಿಹೋಗಬಹುದು. ಅವು ಇವೆಯೇ ಇಲ್ಲವೇ ಎಂಬುದರ ಮೇಲೆ ಆ ಮಗುವಿನ ಚಿಕಿತ್ಸೆ ಎಷ್ಟು ತೀವ್ರವಾಗಿರಬೇಕು ಎಂಬ ತೀರ್ಮಾನ ನಿಂತಿದೆ. ಶಸ್ತ್ರಚಿಕಿತ್ಸೆಯ ನಂತರ ಸೋರಿದ ರಕ್ತವೂ ಚಿತ್ರದಲ್ಲಿ ಗೊಂದಲ ಹುಟ್ಟಿಸುತ್ತದೆ. ಹಾಗಾಗಿ ಸಾಧ್ಯವಾದರೆ ಮೊದಲೇ ಬೆನ್ನನ್ನೂ ನೋಡಿಬಿಡುತ್ತಾರೆ. ಮಿದುಳು, ಬೆನ್ನು ಎರಡನ್ನೂ ಒಂದೇ ಸಲ ಮುಗಿಸಿದರೆ ಎರಡಕ್ಕೂ ಸೇರಿ ಒಂದೇ ಪ್ರಮಾಣ ಸಾಕು. ಒಂದಕ್ಕೊಂದು ಇಂಜೆಕ್ಷನ್ ಬೇಕಾಗಿಲ್ಲ.

ನಮ್ಮ ಹುಡುಗನಿಗೆ ಮರಳೋಣ. ಔಷಧ ಕೊಟ್ಟ ಮೇಲಿನ ಚಿತ್ರದಲ್ಲಿ ಅವನ ಎರಡು ಬೆನ್ನುಮೂಳೆಗಳೂ ನಡುವಿನ ಬಿಲ್ಲೆಯೂ ಬೆಳಗಿವೆ. ಪಕ್ಕದಲ್ಲಿ ಒಂದು ಉಂಗುರ. ಅಂಚು ಬಿಳುಪು, ನಡು ಕಪ್ಪು. ನಡುವೆ ರಕ್ತನಾಳವಿಲ್ಲ, ಆದ್ದರಿಂದ ಔಷಧ ಅಲ್ಲಿಗೆ ತಲುಪಿಲ್ಲ. ಅಂದರೆ ಅದು ಕೀವು. ಅದು ಬೆನ್ನುಹುರಿಯನ್ನು ಒತ್ತುತ್ತಿದೆ. ನಮ್ಮ ದೇಶದಲ್ಲಿ ಇಂಥ ಚಿತ್ರ ಕಂಡಾಗ ವೈದ್ಯರ ಮನಸ್ಸಿಗೆ ಮೊದಲು ಬರುವುದು ಬೆನ್ನುಮೂಳೆಯ ಕ್ಷಯ. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿಯೇ ವರ್ಣಿಸಿದ ಕಾಯಿಲೆ ಇದು. ಕೀವಿನ ಮಾದರಿ ತೆಗೆದು ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಸಕಾಲದಲ್ಲಿ ಔಷಧ ಆರಂಭಿಸಿ, ಬೇಕಾದರೆ ಕೀವು ತೆಗೆದರೆ, ಹುಡುಗ ಮತ್ತೆ ಓಡಾಡುವ ಸಾಧ್ಯತೆ ಹೆಚ್ಚು. ತಡವಾದರೆ ಕಾಲುಗಳ ಶಕ್ತಿಯೇ ಹೋಗಬಹುದು. ಆ ಕೆಲವೇ ಮಿಲಿಲೀಟರ್ ಔಷಧದ ಬೆಲೆ ಇದು.

ನೀವು ಜೊತೆಗೆ ಹೋದರೆ

ನಿಮ್ಮ ತಮ್ಮನನ್ನೋ ತಂಗಿಯನ್ನೋ ಇಂಥ ಸ್ಕ್ಯಾನಿಗೆ ಕರೆದೊಯ್ಯುವ ಸಂದರ್ಭ ಬಂದರೆ ನೀವೂ ನೆರವಾಗಬಹುದು. ಅಂದಾಜಿನ ತೂಕ ಹೇಳಬೇಡಿ; ಅಲ್ಲಿಯೇ ತೂಗಿಸಿ. ಮೂತ್ರಪಿಂಡದ ತೊಂದರೆ, ಉಬ್ಬಸ, ಹಿಂದೆ ಇಂಥ ಔಷಧಕ್ಕೆ ಮೈ ತುರಿಸಿದ್ದು ಅಥವಾ ದದ್ದು ಎದ್ದದ್ದು ಇದ್ದರೆ ಮೊದಲೇ ತಿಳಿಸಿ. ಇಂಜೆಕ್ಷನ್ ಹೋಗುವಾಗ ಕೈ ಊದಿದರೆ, ಉರಿದರೆ ಕೂಡಲೇ ಹೇಳಲು ಮಗುವಿಗೆ ತಿಳಿಸಿಕೊಡಿ. ಮುಗಿದ ಮೇಲೆ ಯಾವ ಔಷಧ, ಎಷ್ಟು ಮಿ.ಲೀ., ಯಾವ ದಿನ ಎಂದು ಬರೆಸಿಕೊಂಡು ಕಡತದಲ್ಲಿಡಿ. ಮುಂದಿನ ವೈದ್ಯರು ಅದನ್ನೇ ಮೊದಲು ಹುಡುಕುತ್ತಾರೆ.

ಕೊನೆಗೆ ನಿಮಗೊಂದು ಲೆಕ್ಕ. 25 ಕೆ.ಜಿ. ತೂಗುವ ಬಾಲಕಿಗೆ ಎಷ್ಟು ಔಷಧ ಬೇಕೆಂದು ಇಬ್ಬರು ವಿದ್ಯಾರ್ಥಿಗಳನ್ನು ಕೇಳಿದೆವು ಎನ್ನಿ. ಒಬ್ಬಳು 5 ಮಿ.ಲೀ. ಎಂದಳು. ಇನ್ನೊಬ್ಬ 2.5 ಮಿ.ಲೀ. ಎಂದ. ಇಬ್ಬರ ಗುಣಾಕಾರವೂ ಸರಿ. ಹಾಗಾದರೆ ಯಾರ ಉತ್ತರವನ್ನು ಸಿರಿಂಜಿಗೆ ತುಂಬಬೇಕು? ಅದನ್ನು ಹೇಳುವ ಮುನ್ನ ನೀವು ಕೇಳಬೇಕಾದ ಪ್ರಶ್ನೆಗಳು ಎರಡು. ಈ ಬಾಲಕಿಗೆ ಕಾಂಟ್ರಾಸ್ಟ್ ನಿಜವಾಗಿ ಬೇಕೇ? ಬೇಕಾದರೆ, ಮೇಜಿನ ಮೇಲಿರುವ ಸೀಸೆ ಯಾವುದು?